ಯು ಇರುವ ಬಾಯ್, ಯು ಇಲ್ಲದ ಬಾಯ್

ಉಕ್ತಲೇಖನದಲ್ಲಿ ವಿನಿಫ್ರೆಡ್ ಸ್ಟೋಕೋಗೆ
ಇಪ್ಪತ್ತಕ್ಕೆ ಆರು ಬಂದಿತ್ತು ಒಮ್ಮೆ.
ತಿಮಿಂಗಿಲ ಬರೆಯಬೇಕಾದಲ್ಲಿ ಗೋಳು ಬರೆದಿದ್ದಳು,
ಹಾಯಿ ಏರಿಸಬೇಕಾದ ದೋಣಿಯನ್ನು
ಮಾರಾಟಕ್ಕೆ ಇಟ್ಟಿದ್ದಳು.
ಅವಳ ವಾಕ್ಯದಲ್ಲಿ ಉಬ್ಬರ ಬರಲೇ ಇಲ್ಲ,
ಬರೀ ಹಗ್ಗ ಬಿಗಿದು ಕಟ್ಟಿತ್ತು.
ಕೇಳಿದರೆ ಎಲ್ಲ ಸರಿ, ನೋಡಿದರೆ ಎಲ್ಲ ತಪ್ಪು.
"ಕಿವಿಯನ್ನು ನಂಬಬೇಡ ಹುಡುಗೀ," ಅಂದಿದ್ದರು ಮೇಷ್ಟರು,
"ಇಂಗ್ಲಿಷು ಕಣ್ಣಿನ ಭಾಷೆ."

ಈಗ ಅವಳ ಕೆಲಸವೇ ಕಿವಿಯದ್ದು.
ಆ್ಯಂಬಲ್ ಬಂದರಿನ ತುದಿಯಲ್ಲಿ ಕಾವಲು ಕೋಣೆ,
ಒಂದು ರೇಡಿಯೊ, ಐದು ನಿಮಿಷ ಮುಂದೋಡುವ ಗಡಿಯಾರ,
ದಾರದಲ್ಲಿ ಪೆನ್ಸಿಲ್ಲು ತೂಗಾಡುವ ದಾಖಲೆ ಪುಸ್ತಕ.
ಸಮುದ್ರ ಹೇಳಿದ್ದನ್ನು ಬರೆದಿಡಬೇಕು.
ಸಮುದ್ರಕ್ಕೆ ಎಲ್ಲಿಯ ಸ್ಪೆಲ್ಲಿಂಗು?

ಫೆಬ್ರವರಿ, ಸಂಜೆ ನಾಲ್ಕೂ ನಲವತ್ತು.
ಗರಗರ ಸದ್ದಿನೊಳಗಿಂದ
ಏಡಿ ಹಿಡಿಯುವ ಕತ್‌ಬರ್ಟ್ ರೆನರನ ದನಿ:
ಬಾಯ್... ದ್ವೀಪದ ಪೂರ್ವಕ್ಕೆ... ತೇಲಿಕೊಂಡು...
ಅಷ್ಟೇ. ಕಡಿದುಹೋಯಿತು.

ನಮ್ಮಲ್ಲಾಗಿದ್ದರೆ
ಕ್ರಿಯಾಪದದ ಬಾಲ ಗುಟ್ಟು ಬಿಟ್ಟುಕೊಡುತ್ತಿತ್ತು,
ಹೋಗುತ್ತಿದ್ದಾನೆ, ಹೋಗುತ್ತಿದೆ.
ಇಂಗ್ಲಿಷಿಗೆ ಆ ಬಾಲವಿಲ್ಲ.

ಬಿ ಬರೆದಳು. ನಿಂತಳು.
ಮುಂದೆ ಯು ಬಂದರೆ ಕಬ್ಬಿಣದ ತೇಲುಗುಂಡು,
ಸರಪಳಿ ಕಡಿದುಕೊಂಡದ್ದು,
ಬೆಳಿಗ್ಗೆ ಹೋಗಿ ಹಿಡಿದು ತಂದರಾಯಿತು.
ಓ ಬಂದರೆ ಯಾರದೋ ಮಗ,
ಆ ನೀರಿನಲ್ಲಿ ಹೆಚ್ಚೆಂದರೆ ಇಪ್ಪತ್ತು ನಿಮಿಷ.
ನಡುವೆ ಇರುವುದು ಒಂದೇ ಅಕ್ಷರ,
ಬಟ್ಟಲಿನಂಥದು.

ಕರೆದಳು, ಮತ್ತೆ ಕರೆದಳು. ಗರಗರ.

ನಮ್ಮ ಲಿಪಿಯಲ್ಲಿ ಬರೆದರೆ ಎರಡೂ ಅದೇ ಬಾಯ್.
ಮೂರನೆಯದೂ ಒಂದಿದೆ ನಮಗೆ, ಮುಖದಲ್ಲಿರುವುದು,
ಅಲೆಗೂ ಇರುವುದು.
ಆದರೆ ಸಮುದ್ರ ಯಾವತ್ತು
ಬಾಯಿಬಿಟ್ಟು ಹೇಳಿದೆ?

ಓ ಬರೆದಳು, ವೈ ಬರೆದಳು,
ಸೈರನ್ನಿನ ಗುಂಡಿ ಒತ್ತಿದಳು.

ಐದು ಜನ ಬಿಸಿ ಚಹಾ ಬಿಟ್ಟು ಓಡಿದರು,
ಒಬ್ಬನ ಕಾಲಲ್ಲಿ ಇನ್ನೂ ಮನೆಚಪ್ಪಲಿ.
ಕತ್ತಲಲ್ಲಿ ಒಂದೂವರೆ ಗಂಟೆ ಹುಡುಕಿ
ಎಳೆದು ತಂದದ್ದು ತೇಲುಗುಂಡನ್ನೇ.
ಮೈತುಂಬ ಪಾಚಿ. ಮೇಲೆ ಕೂತಿದ್ದ ಕಡಲಹಕ್ಕಿ
ದಡ ಮುಟ್ಟುವವರೆಗೂ ಜಾಗ ಬಿಡಲಿಲ್ಲ.

ನಕ್ಕರು, ಬೈದರು, ಡೀಸೆಲ್ಲಿನ ಲೆಕ್ಕ ಬರೆದರು.
ಮನೆಚಪ್ಪಲಿಯವನು ಪುಸ್ತಕಕ್ಕೆ ಬೆರಳಿಟ್ಟ:
"ಇಲ್ಲೊಂದು ಯು ಬಿಟ್ಟುಹೋಗಿದೆ ವಿನ್ನಿ, ಸೇರಿಸು."
ಅವಳು ರಬ್ಬರು ಮುಟ್ಟಲಿಲ್ಲ.
"ಗೊತ್ತಾಗದಿದ್ದಾಗ ಹುಡುಗ ಅಂತಲೇ ಬರೆಯೋದು.
ನಾಳೆ ಕೇಳಿಸಿದರೂ ಅಷ್ಟೇ.
ಚಪ್ಪಲಿ ಬಿಚ್ಚಿ ಒಣಗಿಸಿಕೋ ಹೋಗು."

ಆ ಹಾಳೆ ನೋಡಿದ್ದೇನೆ ನಾನು.
ಬಿ ಆದಮೇಲೆ ಪೆನ್ಸಿಲ್ಲು ನಿಂತ ಕಡೆ
ಒಂದು ಚುಕ್ಕೆ, ಕಾಗದ ತೂತಾಗುವಷ್ಟು.

ತೇಲುಗುಂಡು ಕಾವಲು ಕೋಣೆಯ ಹೊರಗೇ ಬಿದ್ದಿದೆ.
ಶಾಲೆ ಬಿಟ್ಟ ಮೇಲೆ ಹುಡುಗರು
ಅದರ ಮೇಲೆ ಹತ್ತಿ ಕೂತು, ಕಾಲು ಇಳಿಬಿಟ್ಟು,
ವಿನೆಗರ್ ಸುರಿದ ಚಿಪ್ಸ್ ತಿನ್ನುತ್ತಾರೆ.