ಚಕ್ಕುಬಂದಿ

ಮೂಡಲಿಗೆ ಈರಬಸವನ ಹೊಲದ ಬದು,
ತೆಂಕಲಿಗೆ ಗಾಡಿದಾರಿ,
ಪಡುವಲಿಗೆ ಕೋಡಿಯಿಂದ ಹರಿದ ಹಳ್ಳ,
ಬಡಗಲಿಗೆ—
ಬಡಗಲನ್ನು ಗೆದ್ದಲು ತಿಂದಿದೆ.

ಗೊರವಿಕಟ್ಟೆ ಹೋಬಳಿಯ ಮೊದಲ ಪುಸ್ತಕ ಇದು.
ಶ್ಯಾನುಭೋಗರ ಮೋಡಿ ಅಕ್ಷರ
ಒಂದರ ಸೊಂಟ ಒಂದು ಹಿಡಿದು ಓಡುತ್ತದೆ.
ನನಗೆ ಅರ್ಧ ಓದಲು ಬರುತ್ತದೆ, ಉಳಿದರ್ಧ ಊಹೆ.
ನಾನು ಈ ಪಂಚಾಯ್ತಿಯ ಬಿಲ್ ಕಲೆಕ್ಟರ್.
ಹತ್ತೊಂಬತ್ತು ವರ್ಷ ನೀರಿನ ಬಾಕಿ ಕೇಳುತ್ತ ತಿರುಗಿ
ಎಲ್ಲರ ಮನೆ ನಾಯಿಗೂ ಪರಿಚಯ.
ನಾಳೆಯಿಂದ ಪಂಚಾಯ್ತಿ ಇಲ್ಲ.
ಹಾಸನ ಬಂದುಬಿಟ್ಟಿದೆ.

ಮನೆ ಅರವತ್ತೆರಡು, ಬಾವಿ ನಾಲ್ಕು, ಒಂದು ಉಪ್ಪು.
ಗಾಣ ಒಂದು. ಕುರುಡರು ಇಬ್ಬರು.
ಪುಂಡು ದನ ಕೂಡುವ ದೊಡ್ಡಿ ಒಂದು,
ಪುಂಡ ಮನುಷ್ಯರನ್ನೂ ಅಲ್ಲೇ ಕೂಡುತ್ತಿದ್ದರೆಂದು ಕೇಳಿಕೆ.
ಹುಣಿಸೆಮರ ಹನ್ನೊಂದು,
ಹತ್ತು ಸರ್ಕಾರದ್ದು,
ಒಂದು ಕೆಂಪಸಣ್ಣಿಯದು.

ಆ ಒಂದರ ಕತೆ ಪುಸ್ತಕದಲ್ಲಿಲ್ಲ, ಬಾಯಲ್ಲಿದೆ.
ಅಳತೆಯ ದೊರೆ ಬಂದ, ತಲೆಗೆ ಟೊಪ್ಪಿ, ಕೈಗೆ ದುರ್ಬೀನು,
ಹಿಂದೆ ಕಬ್ಬಿಣದ ಸರಪಳಿ ಎಳೆಯುವ ನಾಕಾಳು.
ಸರಪಳಿ ನೆಟ್ಟಗೆ ಬಂದು ಹುಣಿಸೆಯ ಬುಡ ಮುಟ್ಟಿದಾಗ
ಕೆಂಪಸಣ್ಣಿ ಅಡ್ಡ ಕೂತಳು, ಮಡಿಲಲ್ಲಿ ಹಸುಗೂಸು.
‘ನನ್ ಮೂರು ಮಕ್ಕಳ ಮಾಸು ಇಲ್ಲೇ ಹೂತಿವ್ನಿ,
ನಿನ್ ಗೆರೆ ಸುತ್ಕಂಡು ಹೋಗ್ಲಿ’ ಅಂದಳು.
ದೊರೆ ದುಭಾಷಿಯ ಮುಖ ನೋಡಿದ.
ದುಭಾಷಿಗೆ ಮಾಸು ಎಂಬ ಮಾತಿಗೆ ಇಂಗ್ಲಿಷು ಬರಲಿಲ್ಲವೋ,
ನಾಚಿದನೋ, ಮಧ್ಯಾಹ್ನದ ಊಟ ನೆನಪಾಯಿತೋ,
‘ಹಾವಿದೆ ಅಂತಾಳೆ ದೊರೆ’ ಎಂದುಬಿಟ್ಟ.
ಸರಪಳಿ ಎಂಟು ಮಾರು ಬಳಸಿ ಹೋಯಿತು.
ಅಲ್ಲೊಂದು ಕಲ್ಲು ನೆಟ್ಟರು.

ಆಮೇಲೆ ರಸ್ತೆ ಅತ್ತ ಹೋಯಿತು,
ರಸ್ತೆಯ ಹಿಂದೆ ನಾಡಕಚೇರಿ,
ಕಚೇರಿಯ ಹಿಂದೆ ಅರ್ಜಿ ಬರೆಯುವವನು, ಕಾಫಿ ಕ್ಲಬ್ಬು.
ಹೋಬಳಿ ಎಂಬ ಹೆಸರು ಮಾತ್ರ
ಮದುವೆ ಕಾಗದದ ವಿಳಾಸದಲ್ಲಿ ಬಹಳ ಕಾಲ ಉಳಿಯಿತು.
ಆಗ ಹಾಸನವೆಂದರೆ ಸಂತೆಗೆ ಹೋಗುವ ಊರು,
ಎರಡು ಸಲ ಎಲೆಅಡಿಕೆ ಹಾಕುವಷ್ಟು ದೂರ.
ಈಗ ಬಾಯಿಗೆ ಸುಣ್ಣ ತಾಕುವ ಮೊದಲೇ
ಅದರ ದೀಪದ ಕಂಬ.
ಊರು ನಡೆದು ಬರುವುದನ್ನು ಯಾರೂ ನೋಡಲಿಲ್ಲ,
ಸೈಟಿನ ಕಲ್ಲಿನ ಮೇಲೆ ಕಲ್ಲು ದಾಟಿ ಬಂದಿತು.

ನೀರುಗಂಟಿ ಜವರಯ್ಯನಿಗೆ ಖಾಕಿ ಅಂಗಿ ಕೊಟ್ಟಿದ್ದಾರೆ,
ಕೊರಳಿಗೆ ಚೀಟಿ: ವಾಲ್ವ್‌ಮ್ಯಾನ್.
ಅವನ ಮುತ್ತಾತ ಕೆರೆಯ ತೂಬಿಗೆ ಮುಳುಗಿ
ಉಸಿರು ಬಿಗಿಹಿಡಿದು ಗದ್ದೆಗಳಿಗೆ ಸರದಿ ಬಿಡುತ್ತಿದ್ದ.
‘ಕೆಲ್ಸ ಅದೇ ಕಣವ್ವ,’ ಅನ್ನುತ್ತಾನೆ,
‘ತೂಬು ಸಣ್ಣದಾಯ್ತು ಅಷ್ಟೆಯ.
ಬೈಗುಳ ಮಾತ್ರ ಅವತ್ತಿನವೇ.’

ಪುಸ್ತಕಗಳನ್ನು ಗೊಬ್ಬರದ ಚೀಲಕ್ಕೆ ತುಂಬಿ,
ಆಟೋದಲ್ಲಿ ಮಡಿಲಿಗಿಟ್ಟುಕೊಂಡು
ಪಾಲಿಕೆಯ ಮೂರನೇ ಮಹಡಿಗೆ ಹೊತ್ತೆ.
ತೂಕ ಮಾಡಿ ಕೊಡುವ ಸರಕೇ ಎಂಬಂತೆ
ಚೀಲಕ್ಕೊಂದು ರಸೀತಿ ಕೊಟ್ಟರು.

ಎಳೆ ವಯಸ್ಸಿನ ಇಂಜಿನಿಯರು ಪರದೆಯಲ್ಲಿ
ಹೊಸ ವಾರ್ಡುಗಳನ್ನು ತೆರೆದು ತೋರಿಸಿದ.
ಗೊರವಿಕಟ್ಟೆ ಎರಡು ಬಣ್ಣವಾಗಿತ್ತು,
ಒಂದು ತಿಳಿಹಸಿರು, ಒಂದು ಕುಂಬಳದ ಹೂವು.
ನಡುವಿನ ಗೆರೆ ಬೈಪಾಸಿನಿಂದ ನೆಟ್ಟಗಿಳಿದು
ಒಂದು ಕಡೆ ಮಾತ್ರ ತಟಕ್ಕನೆ ಹೊಟ್ಟೆ ಬಿಟ್ಟು,
ಏನನ್ನೋ ಸುತ್ತಿ,
ಮತ್ತೆ ನೆಟ್ಟಗಾಗಿ ಇಳಿದಿತ್ತು.

ಮರ ಬಿದ್ದು ಮೂವತ್ತು ವರ್ಷ.
ಅಲ್ಲೀಗ ಬೈಕು ತೊಳೆಯುವ ಅಂಗಡಿ;
ಸೋಪಿನ ನೀರು ದಿನವಿಡೀ ಆ ಮಣ್ಣಿಗೇ ಇಳಿಯುತ್ತದೆ.
ಕಲ್ಲು ಯಾರದೋ ಮನೆಯ ಮೆಟ್ಟಿಲಾಗಿದೆ.

‘ಹಳೇ ನಕ್ಷೆಯಿಂದ ಬಂದಿರೋ ತಪ್ಪು ಮೇಡಂ,
ಯಾಕೆ ಹಿಂಗೆ ಸೊಟ್ಟ ಹೋಗಿದ್ಯೋ ಗೊತ್ತಿಲ್ಲ.
ನೆಟ್ಟಗೆ ಮಾಡ್ಬಿಡ್ಲಾ?’

ಹೇಳಬಹುದಿತ್ತು. ಹೇಳಲು ಅರ್ಧ ಗಂಟೆ ಬೇಕು,
ಮಾಸು ಎಂದರೇನೆಂದು ಅವನಿಗೆ ಬಿಡಿಸಬೇಕು,
ಅವನ ಊಟದ ಹೊತ್ತೂ ಆಗಿತ್ತು.

‘ಬೇಡಿ ಸರ್,’ ಅಂದೆ,
‘ಅಲ್ಲಿ ಹಾವಿದೆ.’

ಅವನು ಇಲಿಯಿಂದ ಕೈ ತೆಗೆದ.