ಒಣ ಚಮಚ

ಮೊದಲು ಹೋದದ್ದು ವಾಸನೆ.
ಒಗ್ಗರಣೆ ಸೀದು, ಹೊಗೆಯ ಅಲಾರಾಮು ಬಡಿದುಕೊಂಡರೂ
ವಾಮದೇವ ಪೇಪರು ಓದುತ್ತಲೇ ಇದ್ದ.
ನೆಗಡಿ ಎಂದ. ಆಮೇಲೆ ಹಲ್ಲುನೋವು ಎಂದ.
ಹಲ್ ಎಂಬ ಊರಲ್ಲಿ ಹಲ್ಲು ನೋಯದೆ ಇನ್ನೇನು ನೋಯುತ್ತದೆ
ಅಂತ ನಾನು ನಕ್ಕಿದ್ದೆ.

ಗುರುವಾರ, ಹಂಬರ್ ಸೇತುವೆಯ ಬಾಯಲ್ಲಿ
ಬಸ್ಸು ನಿಲ್ಲಿಸಿಬಿಟ್ಟ.
ಹಿಂದೆ ಹನ್ನೊಂದು ಜನ.
ಎರಡು ಸೇತುವೆ ಕಂಡವಂತೆ,
ಒಂದಕ್ಕೊಂದು ಭುಜ ತಾಗಿಸಿಕೊಂಡು.
ಯಾವುದರ ಮೇಲೆ ಹೋಗಲಿ ಎಂದು ತಿಳಿಯದೆ
ಹ್ಯಾಂಡ್‌ಬ್ರೇಕ್ ಎಳೆದು ಸುಮ್ಮನೆ ಕೂತ.
ಒಬ್ಬಾಕೆ, ತಡವಾಯಿತೆಂದು, ಕಂಪನಿಗೆ ದೂರು ಬರೆದಳು.

ಇಲ್ಲಿ ಸರ್ಜನ್ನರನ್ನು ಡಾಕ್ಟರ್ ಅನ್ನುವುದಿಲ್ಲ.
ಮಿಸ್ ಪ್ರಿಚರ್ಡ್ ಟಾರ್ಚು ಹಿಡಿದು ಬಾಯಿ ತೆರೆಸಿದಳು:
ಅಂಗುಳಲ್ಲಿ ಕಪ್ಪು, ಕಡಲೆಬೇಳೆಯಷ್ಟು.
ಬೂಷ್ಟು, ಎಂದಳು.
ಹಳಸಿದ ಬ್ರೆಡ್ಡಿನ ಮೇಲೆ ಕೂರುತ್ತದಲ್ಲ, ಅದರದೇ ಜಾತಿ.
ಸಕ್ಕರೆ ಏರಿದ ರಕ್ತ ಅದಕ್ಕೆ ಹಬ್ಬದೂಟ.
ಮೂಗಿನ ಪಕ್ಕದ ಗೂಡಿಂದ ಕಣ್ಣಿನ ಹಿಂದಕ್ಕೆ,
ಅಲ್ಲಿಂದ ರಕ್ತನಾಳದ ಗುಂಟ ಮಿದುಳಿಗೆ.
ನಡುವಿನ ಗೋಡೆ ಹಪ್ಪಳದಷ್ಟು ತೆಳು.
ಇವತ್ತು ಸಂಜೆಯೊಳಗೆ, ಎಂದಳು.
ನಾಳೆ ಎಂಬ ಮಾತೇ ಆಡಲಿಲ್ಲ.

ನಮ್ಮಜ್ಜಿ ಉಪ್ಪಿನಕಾಯಿ ಜಾಡಿಯ ಬಿಳಿ ಪದರ
ಕೆರೆದೆಸೆದು, ತಳದ್ದು ಬಡಿಸುತ್ತಿದ್ದಳು.
ಒದ್ದೆ ಚಮಚ ಹಾಕಿದವರು ಯಾರೇ?
ಅಷ್ಟೇ ಅವಳ ವಿಚಾರಣೆ.
ನಾನೂ ಕೇಳಿಕೊಂಡೆ, ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ.
ಡ್ಯೂಟಿಯ ದಿನ ಇನ್ಸುಲಿನ್ ತಪ್ಪಿಸುತ್ತಿದ್ದ ಅವನೇ?
ನಕ್ಕ ನಾನೇ?
ಯಾರೂ ಅಲ್ಲ, ಅದು ಗಾಳಿಯಲ್ಲೇ ಇರುತ್ತದೆ, ಎಂದಳು ಪ್ರಿಚರ್ಡ್.
ಅಜ್ಜಿ ಆ ಉತ್ತರ ಒಪ್ಪುತ್ತಿರಲಿಲ್ಲ.

ಎಲ್ಲಿಯತನಕ ಕೆರೆಯುತ್ತೀರಿ?
ರಕ್ತ ಬರುವತನಕ. ಸತ್ತದ್ದು ರಕ್ತ ಕೊಡುವುದಿಲ್ಲ.

ಎಡಗಣ್ಣು ಎಂದು ಬರೆದಿದ್ದ ಕಾಗದಕ್ಕೆ
ಅವನೇ ಸಹಿ ಹಾಕಿದ.
ಅಚ್ಚಾದ ಗೆರೆಯ ಮೇಲಲ್ಲ,
ತನಗೆ ಕಂಡ ಇನ್ನೊಂದು ಗೆರೆಯ ಮೇಲೆ.
ನರ್ಸು ಪರವಾಗಿಲ್ಲ ಎಂದಳು.

ಮೂರನೇ ದಿನ ಬಲಗೈ ಏಳಲಿಲ್ಲ.
ತಡವಾಗಿರಲಿಲ್ಲವಂತೆ, ಆದರೂ
ಒಂದೆರಡು ಎಳೆ ಆಗಲೇ ಒಳಗೆ ಹೋಗಿದ್ದವು.

ಈಗ ಮಾರ್ಚ್.
ಕಿಟಕಿಯಾಚೆ ಕೆನೆಬಣ್ಣದ ಫೋನ್ ಡಬ್ಬಿ,
ಒಂದೇ ಒಂದು; ದಿನವೂ ಎಣಿಸಿ ಹೇಳುತ್ತಾನೆ.
ಎಣಿಕೆ ಸರಿ ಇದೆ, ಹೆಸರು ಜಾರುತ್ತವೆ.
ಊಟಕ್ಕೆ ಕೂತು ಎಡಗೈ ಚಾಚಿ
ಸೇತುವೆ ಕೊಡು, ಎನ್ನುತ್ತಾನೆ.
ಉಪ್ಪಿನಕಾಯಿ ಎಂದು ನನಗೆ ಗೊತ್ತು.
ಚಮಚವನ್ನು ಸೆರಗಿಗೆ ಎರಡು ಸಲ ಒರೆಸಿ
ಬಡಿಸುತ್ತೇನೆ.