ಕೊಂಡಿ

ಚೇಳಿಗೂ ಕೊಂಡಿ, ಸರಕ್ಕೂ ಕೊಂಡಿ,
ಬಾಗಿಲಿಗೂ ಕೊಂಡಿ ಅನ್ನುತ್ತಾರೆ ನಮ್ಮ ಕಡೆ.
ನನ್ನ ಜೀಪಿನ ಹಿಂದೆ ಗೇಣುದ್ದ ಚಾಚಿಕೊಂಡಿರುವುದು
ಇವುಗಳಲ್ಲಿ ಯಾವ ಜಾತಿಯದು ಎಂಬುದೇ
ಚಿಂತಾಮಣಿಯ ಈ ಸಂದಿಯಲ್ಲಿ
ನಾಲ್ಕು ವರ್ಷದಿಂದ ತೀರದ ವ್ಯಾಜ್ಯ.

ಮೋಲ್ಡ್ ಹಾಕುವ ದಿನ ಅದಕ್ಕೆ ಮರ್ಯಾದೆ ಉಂಟು.
ಬೆಳಗಿನ ಐದಕ್ಕೆ ಮಿಲ್ಲರ್ ಮಿಷಿನ್ನಿನ ಮೂಗು ಎತ್ತಿ
ಅದರ ಮೇಲಿಟ್ಟು ಪಿನ್ನು ಜಡಿದರೆ ಆಯಿತು,
ಹೊಟ್ಟೆಯಲ್ಲಿ ಹಳೇ ಸಿಮೆಂಟು ಕಚ್ಚಿಕೊಂಡ ಆ ಮಿಷಿನ್ನು
ಹಂಪು ಬಂದಾಗಲೆಲ್ಲ ನನ್ನ ವಂಶವನ್ನು ಬೈಯುತ್ತಾ
ಚೇಳೂರು ರಸ್ತೆಯುದ್ದಕ್ಕೂ ಹಿಂದೆ ಬರುತ್ತದೆ.

ವಾರಕ್ಕೆ ಎರಡು ಮೋಲ್ಡು. ಮಿಕ್ಕ ಐದು ದಿನ
ಅದು ಏನನ್ನೂ ಎಳೆಯುವುದಿಲ್ಲ,
ಉಂಡೆದ್ದರೂ ತೊಳೆಯದ ಕೈಯಂತೆ
ಸುಮ್ಮನೆ ಚಾಚಿಕೊಂಡಿರುತ್ತದೆ.

ಎದುರುಮನೆ ಅಕ್ಕಯ್ಯಮ್ಮನ ಎಡಗಾಲಿಗೆ ಎರಡು ಸಲ ಬಡಿದಿದೆ.
ಎರಡನೆಯ ಸಲ ಆಕೆ ಬೈದದ್ದು ತೆಲುಗಿನಲ್ಲಿ.
ನಮ್ಮ ಬೀದಿಯಲ್ಲಿ ಅದರರ್ಥ, ನೋವು ನಿಜ.

ವೆಲ್ಡಿಂಗ್ ಮಸ್ತಾನ್ ಹೇಳಿದ:
"ಬಿಚ್ಚಬೇಡ ಅಣ್ಣ. ಹಿಂದಿನಿಂದ ಯಾವನಾದ್ರೂ ಗುದ್ದಿದರೆ
ಅವನ ರೇಡಿಯೇಟರ್ ಹೋಗುತ್ತೆ, ನಿನ್ನ ಗಾಡಿ ಉಳಿಯುತ್ತೆ."
ಅವನ ತಮ್ಮ ಬೀಡಿ ಬಾಯಿಂದ ತೆಗೆದು:
"ಉಳಿಯೋದು ಮಣ್ಣು. ಪೆಟ್ಟು ನೆಟ್ಟಗೆ ಚಾಸಿಗೆ ಇಳಿಯುತ್ತೆ.
ಬಂಪರಾದ್ರೆ ತಾನು ನಜ್ಜಾಗಿ ಸಾಯ್ತಿತ್ತು, ಪುಣ್ಯಾತ್ಮ."
ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು.

ಹೆಂಡತಿ ಸುಗುಣ: "ಬಿಟ್ಟರೆ ತುಕ್ಕು, ಬಿಚ್ಚಿದರೆ
ಆ ಪಿನ್ನು ಕಳೆದು ನನ್ನ ಮೇಲೆ ಹಾರಾಡ್ತೀರ."
ತೀರ್ಪು ಕೇಳಿದರೆ ಒಗ್ಗರಣೆ ಹಾಕಲು ಹೋದಳು.

ಒಮ್ಮೆ ಬಿಚ್ಚಿದ್ದೆ. ಅವತ್ತೇ ಕೈವಾರ ಕ್ರಾಸಿನಲ್ಲಿ
ಹಾಲಿನ ಟೆಂಪೊ ಕೆಟ್ಟು ನಿಂತಿತ್ತು, ಬಿಸಿಲಿಗೆ ಕ್ಯಾನುಗಳು.
ಹುಡುಗ ಹಗ್ಗ ಹಿಡಿದು ಓಡಿಬಂದ,
ನನ್ನ ಜೀಪಿನ ಹಿಂದೆ ಬಗ್ಗಿದ,
ಬಗ್ಗಿದವನು ತಲೆ ಎತ್ತಿ ಕೇಳಿದ:
"ಎಲ್ಲಿ ಕಟ್ಟಲಿ?"
ಹಾಲು ಒಡೆಯಿತೋ ಉಳಿಯಿತೋ ಗೊತ್ತಿಲ್ಲ.
ಮಾರನೆಯ ದಿನ ಮತ್ತೆ ಸಿಕ್ಕಿಸಿದೆ,
ಅಕ್ಕಯ್ಯಮ್ಮ ಮುಖ ತಿರುಗಿಸಿದಳು.

ಈ ಸಲ ಆಷಾಢಕ್ಕೆ ಸರಿಯಾಗಿ
ಅಕ್ಕಯ್ಯಮ್ಮನ ಮಗಳು ಎರಡನೆಯ ಹೆರಿಗೆಗೆ ಬಂದಳು,
ಜೊತೆಗೊಂದು ಆಗಷ್ಟೇ ನಡೆಯಲು ಕಲಿತ ಕೂಸು.
ಕೂಸು ಜೀಪಿನ ಹಿಂದೆ ನಿಂತು ಟೈರನ್ನು ತಟ್ಟುತ್ತಿತ್ತು.
ನೋಡಿದೆ. ಅದರ ಹಣೆ, ನನ್ನ ಕೊಂಡಿ,
ರಸಮಟ್ಟ ಇಟ್ಟು ಅಳೆದ ಹಾಗೆ ಒಂದೇ ಎತ್ತರ.
ಯಾರೂ ಏನೂ ಹೇಳಲಿಲ್ಲ.
ಸ್ಪ್ಯಾನರ್ ತಂದೆ.

ಆಷಾಢದಲ್ಲಿ ಯಾರು ಮೋಲ್ಡ್ ಹಾಕುತ್ತಾರೆ?
ಗ್ರೀಸು ಬಳಿದು, ಗೋಣಿ ಸುತ್ತಿ, ಮಂಚದ ಕೆಳಗೆ ತಳ್ಳಿದೆ.
ಪಿನ್ನು ಮಾತ್ರ ಅಂಗಿಯ ಜೇಬಿನಲ್ಲಿ,
ಸುಗುಣನ ಭಯಕ್ಕೆ.

ಶ್ರಾವಣ ಹುಟ್ಟಿತು. ಮೇಸ್ತ್ರಿ ಪಿಳ್ಳಾಂಜಿನಪ್ಪನ ಫೋನು:
"ಸೋಮವಾರ ಆರಕ್ಕೆ, ಮಿಷಿನ್ನು ತಪ್ಪಿಸಬೇಡ."
ಗೋಣಿ ಬಿಚ್ಚಿ, ಕೊಂಡಿ ಹೊತ್ತು ಬಂದು ಬಗ್ಗಿದರೆ
ಕೊಂಡಿ ಕೂರುವ ಆ ಚೌಕದ ಬಾಯಿ ತುಂಬ ಮಣ್ಣು.
ಮೆತ್ತಿದ ಮಣ್ಣಲ್ಲ, ಕಟ್ಟಿದ ಮಣ್ಣು:
ಉಂಡೆ ಉಂಡೆಯಾಗಿ ತಂದು, ನುಣ್ಣಗೆ ಸವರಿ
ಕಣಜ ಕಟ್ಟಿದ ಗೂಡು.
ಸಲಾಕೆ ಇಲ್ಲ, ಸೆಂಟ್ರಿಂಗ್ ಇಲ್ಲ,
ಆಷಾಢ ಅನ್ನುವ ಲೆಕ್ಕವೂ ಇಲ್ಲ.

ಸ್ಕ್ರೂಡ್ರೈವರ್ ಎತ್ತಿದ್ದೆ.
"ಕೆಡವಬೇಡ" ಅಂದಳು ಅಕ್ಕಯ್ಯಮ್ಮ ಬೆನ್ನ ಹಿಂದೆ.
"ಬಸುರಿ ಇರೋ ಮನೆ ಮುಂದೆ ಕಟ್ಟಿದೆ. ಹೆರಿಗೆ ಆಗ್ಲಿ."
ನಾಲ್ಕು ವರ್ಷ ಬಿಚ್ಚು ಬಿಚ್ಚು ಅಂದವಳೇ.
"ಮತ್ತೆ ಮೋಲ್ಡು?"
"ಮೋಲ್ಡು ಮಸ್ತಾನ್ ತಮ್ಮನ ಟ್ರ್ಯಾಕ್ಟರಲ್ಲಿ ಎಳ್ಕೊಂಡು ಹೋಗು,"
ಅಂದಳು, ಬಾಡಿಗೆ ತಾನೇ ಕೊಡುವವಳಂತೆ.

ಬಾಡಿಗೆ ನಾನೇ ಕೊಟ್ಟೆ.
ಕೊಂಡಿ ಮತ್ತೆ ಮಂಚದ ಕೆಳಗೆ.

ಈಗ ಬೆಳಗ್ಗೆ ರಂಗೋಲಿ ಡಬ್ಬಿ ಹಿಡಿದು ಬರುವಾಗ
ಜೀಪಿನ ಹಿಂದೆ, ಏನೂ ಇಲ್ಲದ ಆ ಜಾಗಕ್ಕೆ
ಇನ್ನೂ ಒಂದು ಗೇಣು ಬಿಟ್ಟೇ
ಸುತ್ತಿ ನಡೆಯುತ್ತಾಳೆ ಅಕ್ಕಯ್ಯಮ್ಮ,
ಎಡಗಾಲನ್ನು ತುಸು ಹಿಂದಿಟ್ಟುಕೊಂಡು.